ರೇಣುಕಾಳ ಬೆಚ್ಚಗಿನ ಗೋಡೆಗಳು

ಗಟ್ಟಿಮುಟ್ಟಾಗಿ ನಿಂತ ಮನೆಯ ಗೋಡೆಗೆ ಇಬ್ಬರು ಆಳುಗಳು ಹೊರಗಿನಿಂದ ಸಾಲಾಗಿ ತೂತು ಕೊರೆಯುತ್ತಿದ್ದರು. ಮನೆಯೊಡತಿ ಅವರಿಗೆ ಚಹಾ ಕೊಟ್ಟು ನಗುತ್ತ ನಿಂತಿದ್ದಳು. ಐರ್ಲೆಂಡಿಗೆ ಬಂದ ಮೇಲೆ ಎಷ್ಟೋ ವಿಚಿತ್ರ ಕಂಡಿದ್ದೇನೆ, ಆದರೆ ಇದನ್ನು ನೋಡಿ ಬಾಯಿ ತೆರೆದು ನಿಂತೆ. ತೂತಿಗೆ ಪೈಪು ಇಟ್ಟು, ಸಾಬೂದಾನಿಯಂಥ ಬಿಳಿ ಕಾಳುಗಳನ್ನು ಯಂತ್ರದಿಂದ ಒಳಗೆ ಊದಿದರು. ಇಲ್ಲಿನ ಗೋಡೆ ಎರಡು ಪದರದ್ದು, ನಡುವೆ ಪೊಳ್ಳು. ಅದು ತುಂಬಿದರೆ ಒಳಗಿನ ಶಾಖ ಹೊರಗೆ ಹೋಗುವುದಿಲ್ಲವಂತೆ. ಹೋಗಲಿ ಬಿಡಿ, ನನ್ನ ಹೊಟ್ಟೆ ಉರಿಸಿದ್ದು ಆ ಕಾಳಲ್ಲ. ಈ ಖರ್ಚಿನ ದೊಡ್ಡ ಪಾಲನ್ನು ಸರ್ಕಾರವೇ ಕೊಡುತ್ತದೆ. ಇವರು ಅದಕ್ಕೆ ಗ್ರ್ಯಾಂಟ್ ಅನ್ನುತ್ತಾರೆ. ನಮ್ಮಲ್ಲಿ ಹೊಲದ ಪೈಪಿಗೆ ಸಬ್ಸಿಡಿ ಬರುವುದಿಲ್ಲವೇ, ಹಾಗೆ.

ಆ ಮನೆಯೊಡತಿ ನಮ್ಮ ಶಹಾಪುರದ ರೇಣುಕಾ. ನಾನು ಸುರಪುರದ ಮಗ್ಗುಲ ರಂಗಂಪೇಟೆಯವಳು. ಇಬ್ಬರೂ ಇಲ್ಲಿ ಒಂದೇ ವೃದ್ಧಾಶ್ರಮದಲ್ಲಿ ನರ್ಸುಗಳು. ಆಕೆ ಸಂದುಸಂದಿನಲ್ಲೂ ಗಾಳಿ ನುಗ್ಗುವ ಹಳೆಯ ಮನೆ ಕೊಂಡಾಗ ನಾನು ಗಂಡನ ಮುಂದೆ ನಕ್ಕಿದ್ದೆ. "ಶಹಾಪುರದ ಶಾಣ್ಯಾಕಿ ದನದ ಕೊಟ್ಟಿಗಿ ತಗೊಂಡಾಳ ನೋಡ್ರಿ" ಅಂದಿದ್ದೆ. ಈಗ ಗೋಡೆಗೆ ಕಾಳು, ಅಟ್ಟಕ್ಕೆ ಉಣ್ಣೆಯಂಥ ದಪ್ಪ ಹಾಸು, ಕಿಟಕಿಗೆ ಜೋಡಿ ಗಾಜು.

"ಯಾರದೋ ರೊಕ್ಕ, ಯಲ್ಲಮ್ಮನ ಜಾತ್ರಿ" ಎಂದು ಮನೆಗೆ ಬಂದು ಗೊಣಗಿದೆ.

"ನಿನಗ ಸಿಕ್ಕಿದ್ರ ಬ್ಯಾಡ ಅಂತಿದ್ದೇನು?" ಎಂದರು ನಮ್ಮ ಮನೆಯವರು. ನಾನು ದಡದಡ ಪಾತ್ರೆ ತಿಕ್ಕಿದೆ.

ನಮ್ಮೂರಿನಲ್ಲಿ ಮನೆ ಕಟ್ಟುವುದೇ ಬಿಸಿಲನ್ನು ಹೊರಗಿಡಲು. ದಪ್ಪ ಕಲ್ಲು-ಮಣ್ಣಿನ ಗೋಡೆ, ಮಾಳಿಗೆಯ ಮೇಲೆ ಮಣ್ಣು, ಮಧ್ಯಾಹ್ನಕ್ಕೆ ಬಾಗಿಲು ಮುಂದೆ ಮಾಡಿ ತಂಪಿನಲ್ಲಿ ಅಡ್ಡಾಗುವುದು. ಇಲ್ಲಿ ಎಲ್ಲ ಉಲ್ಟಾ. ಸುಡುವ ಬಿಸಿಲಿಗೆ ಬೈದುಕೊಂಡು ಬೆಳೆದವಳು, ಕಿಟಕಿಯಲ್ಲಿ ಅಂಗೈಯಗಲ ಬಿಸಿಲು ಬಿದ್ದರೆ ಕುರ್ಚಿ ಎಳೆದುಕೊಂಡು ಅದರ ಹಿಂದೆ ಹಿಂದೆ ಹೋಗುತ್ತೇನೆ. ನಮ್ಮ ಬಾಡಿಗೆ ಮನೆಯಲ್ಲಿ ಬೆಚ್ಚಗಿರುವ ಜಾಗ ಒಂದೇ, ಹಾಟ್ ಪ್ರೆಸ್. ಬಿಸಿನೀರಿನ ಟಾಕಿ ಇರುವ, ಬಟ್ಟೆ ಆರಿಸುವ ಕಪಾಟಿಗೆ ಇವರು ಹಾಗನ್ನುತ್ತಾರೆ. ನನ್ನ ಮಗಳು ಐಶು ಅದರ ಬಾಗಿಲು ತೆರೆದು, ಬೆನ್ನು ಒಳಗಿಟ್ಟು ನಿಂತು ಶಾಲೆಯ ಪಾಠ ಓದುತ್ತಿದ್ದಳು.

ಮೊಸರಿನ ಕಥೆಯಂತೂ ಕೇಳಬೇಡಿ. ನಾನು ಹೆಪ್ಪು ಹಾಕಿದ ಹಾಲು ಬೆಳಗಾದರೂ ಹಾಲೇ. ರೇಣುಕಾಳ ಮನೆಯಲ್ಲಿ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ. ನಾವು ಗಂಡ ಹೆಂಡತಿ ಇಬ್ಬರೂ ಡ್ಯೂಟಿಯಲ್ಲಿದ್ದು, ರೇಣುಕಾಳಿಗೆ ರಜೆ ಇದ್ದ ದಿನ ಐಶು ಶಾಲೆಯಿಂದ ರೇಣುಕಾಳ ಮನೆಗೆ ಹೋಗುತ್ತಿದ್ದಳು. ಅಲ್ಲಿ ಬರಿಗಾಲಲ್ಲಿ ಓಡಾಡಿ, ಜೋಳದ ರೊಟ್ಟಿಗೆ ಆ ಮೊಸರು ಹಚ್ಚಿಕೊಂಡು ಉಂಡು, ಕೆನ್ನೆ ಕೆಂಪಗೆ ಮಾಡಿಕೊಂಡು ಕೂತಿರುತ್ತಿದ್ದಳು. ಕರೆಯಲು ಹೋದರೆ ಮಾತ್ರ ಮುಖ ಗಂಟಿಕ್ಕುತ್ತಿದ್ದಳು.

"ನೀ ಹೋಗವ್ವ. ನಾ ಇಲ್ಲೇ ಇರ್ತೀನಿ. ನಮ್ಮ ಮನಿ ಭಾಳ ಥಂಡಿ."

ಹೊತ್ತು ಹೆತ್ತವಳು ನಾನು, ಬೇಕಾದವಳು ಆಕೆ! ಮಕ್ಕಳಿಲ್ಲದ ರೇಣುಕಾ ಅವಳ ತಲೆ ನೇವರಿಸಿ "ಇರಲಿ ಬಿಡ ಸಾವಿತ್ರಿ" ಎಂದಾಗ ಆ ಕೈ ಕಿತ್ತೆಸೆಯಬೇಕೆನಿಸಿತು. ಮಗಳನ್ನು ದರದರನೆ ಎಳೆದುಕೊಂಡು ಬಂದೆ.

ನಮ್ಮ ಮನೆಯನ್ನೂ ಬೆಚ್ಚಗೆ ಮಾಡಿಯೇ ತೀರುತ್ತೇನೆಂದು ಹಟ ಹಿಡಿದೆ. ಮಲಗುವ ಕೋಣೆಯ ಗೋಡೆಯಲ್ಲಿ ಮೇಲೊಂದು ಜಾಲರಿಯ ಕಿಂಡಿ ಇತ್ತು. ಅದರಿಂದ ಗಾಳಿ ಬುಸುಗುಡುತ್ತಿತ್ತು. ರಂಗಂಪೇಟೆಯಲ್ಲಿ ಚಳಿ ಬಿದ್ದಾಗ ಅವ್ವ ಗೋಡೆಯ ಕಿಂಡಿಗೆ ಹರಿದ ಕೌದಿ ತುರುಕುತ್ತಿದ್ದಳು. ನಾನೂ ಅದನ್ನೇ ಮಾಡಿದೆ. ಅವ್ವ ತನ್ನ ಹಳೆಯ ಸೀರೆಗಳಿಂದ ಹೊಲಿದಿದ್ದ ಐಶುಳ ಕೂಸಿನ ಕೌದಿಯನ್ನು ಸುತ್ತಿ ಕಿಂಡಿಯಲ್ಲಿ ತುರುಕಿದೆ. ಕಿಟಕಿಯ ಸಂದಿಗೂ ಬಟ್ಟೆ ತುಂಬಿದೆ. ಗಾಳಿ ನಿಂತಿತು. ನೋಡೇ ರೇಣುಕಾ, ಸರ್ಕಾರ ಯಾಕೆ ಬೇಕು ಎಂದುಕೊಂಡೆ.

ಕೆಲವೇ ವಾರಗಳಲ್ಲಿ ಬೀರುವಿನ ಹಿಂದೆ ಗೋಡೆ ಕಪ್ಪಗೆ ಬೂಷ್ಟು ಹಿಡಿಯಿತು. ಐಶುಗೆ ಕೆಮ್ಮು ಹತ್ತಿತು, ಬಿಡಲೇ ಇಲ್ಲ. ಅವಳನ್ನು ನೋಡಲು ಬಂದ ರೇಣುಕಾ ಮೂಗರಳಿಸಿ, ಕುರ್ಚಿ ಹತ್ತಿ ಕಿಂಡಿಯಿಂದ ಕೌದಿ ಎಳೆದಳು. ಒದ್ದೆಯಾಗಿ, ಕಪ್ಪಾಗಿ, ವಾಸನೆ ಹೊಡೆಯುತ್ತ ಬಂತು.

"ಏ ಹುಚ್ಚಿ, ಇದೇನ್ ರಂಗಂಪ್ಯಾಟಿ ಮಣ್ಣಿನ ಗ್ವಾಡಿ ಏನ? ಒಳಗಿನ ಹಸಿ ಎಲ್ಲಿಂದ ಹೋಗ್ಬೇಕು? ಗ್ವಾಡಿಗಿ ಅಂಗಿ ತೊಡಸ್ಬೇಕು, ಮೂಗು ಮುಚ್ಚಬಾರ್ದು!"

"ನಿನಗೇನವ್ವ, ಸರ್ಕಾರ ತೊಡಿಸ್ಯಾದ. ಬಾಡಗಿ ಮನ್ಯಾಗಿನವರು ಏನ್ ಮಾಡ್ಬೇಕು?" ಎಂದು ಸಿಡಿದೆ. ಅವ್ವನ ಕೌದಿಯನ್ನು ಕಸದ ಡಬ್ಬಿಗೆ ಹಾಕುವಾಗ ಅಳು ಬಂತು, ಆಕೆಯ ಮುಂದೆ ಅಳಲಿಲ್ಲ.

"ಮನಿ ಮಾಲಕರು ಕೇಳಿದ್ರ ಅವರಿಗೂ ಕೊಡ್ತಾರ. ಹೋಗಿ ಕೇಳು" ಎಂದು ಹೇಳಿ ಹೋದಳು.

ಮಾಲಕ ಟಾಮ್ ಅಜ್ಜ ಒಳ್ಳೆಯವನೇ, ಆದರೆ ಸುಸ್ತಾದ ಎತ್ತು. ಕೇಳಿದಾಗಲೆಲ್ಲ "ಮುಂದಿನ ಬೇಸಿಗೆಗೆ ನೋಡೋಣ" ಎನ್ನುತ್ತಿದ್ದ. ನಾನು ಬಿಡಲಿಲ್ಲ. ರವೆ ಬೆಲ್ಲದ ಸಜ್ಜಕ ಮಾಡಿಕೊಂಡು ಹೋದೆ, ಕೆಮ್ಮುವ ಮಗಳನ್ನು ಕರೆದುಕೊಂಡು ಹೋದೆ. ಕೊನೆಗೆ ಆತ ಮನಸ್ಸು ಮಾಡಿದ, ಗ್ರ್ಯಾಂಟ್ ಮಂಜೂರಾಯಿತು. ನಮ್ಮ ಗೋಡೆಗೂ ತೂತು ಬಿದ್ದವು, ಸಾಬೂದಾನಿ ಹರಿಯಿತು. ಕಿಂಡಿಗೆ ಸರಿಯಾದ ಹೊಸ ಜಾಲರಿ ಬಂತು. ಐಶುಳ ಕೆಮ್ಮು ನಿಂತಿತು. ಒಂದು ಬೆಳಿಗ್ಗೆ ನನ್ನ ಪಾತ್ರೆಯಲ್ಲಿ ಮೊಸರು ಗಟ್ಟಿಯಾಗಿತ್ತು! ಅದರ ಫೋಟೋ ತೆಗೆದು ರೇಣುಕಾಳಿಗೆ ಕಳಿಸಿದೆ, ಸುಮ್ಮನೆ ಉರಿಸಲು. ಆಕೆ "ಭಾರಿ ಆಗ್ಯಾದ" ಎಂದು ಉತ್ತರಿಸಿದಳು. ಉರಿಯಲೇ ಇಲ್ಲ ಹಾಳಾದವಳು.

ಆ ಸುಖ ಒಂದೇ ಚಳಿಗಾಲದ್ದು. ಟಾಮ್ ಅಜ್ಜನ ಮಗ ಆಸ್ಟ್ರೇಲಿಯಾದಿಂದ ಹೆಂಡತಿ ಮಕ್ಕಳ ಜೊತೆ ವಾಪಸು ಬರುತ್ತಾನಂತೆ. ಮೊದಲು ಈ ಮನೆ ಬೇಡವೆನ್ನುತ್ತಿದ್ದವನು, ಈಗ ಬೆಚ್ಚಗಿದೆಯೆಂದು ಒಪ್ಪಿದನಂತೆ. ಅಜ್ಜ ನನ್ನ ಕೈ ಹಿಡಿದು, ನೆಲ ನೋಡುತ್ತ ಇದನ್ನು ಹೇಳಿದ. ಅವನ ಮನೆ, ಅವನ ಮಗ, ನಾನು ಯಾವ ಬಾಯಿಂದ ಜಗಳ ತೆಗೆಯಲಿ? ಬೇಡಿ, ಕಾಡಿ, ಸಜ್ಜಕ ತಿನ್ನಿಸಿ ಬೆಚ್ಚಗೆ ಮಾಡಿಸಿದ್ದು ನಾನು. ಕಂಡಿಲ್ಲದ, ಕೇಳಿಲ್ಲದ ಆ ಸೊಸೆಯ ಮೇಲೂ ಹೊಟ್ಟೆಕಿಚ್ಚು ಪಟ್ಟೆ.

ಇಲ್ಲಿ ಬಾಡಿಗೆ ಮನೆ ಸಿಗುವುದೆಂದರೆ ನಮ್ಮೂರ ಬೇಸಿಗೆಯಲ್ಲಿ ಮಳೆ ಬಂದಂತೆ. ಹುಡುಕಿ ಹುಡುಕಿ ಸೋತೆವು. ಹೇಳಿದ ದಿನಕ್ಕೆ ಮನೆ ಬಿಡಲೇಬೇಕಾಯಿತು.

"ಬ್ಯಾರೆ ಮನಿ ಸಿಗೂತನ ನಮ್ಮ ಮ್ಯಾಲಿನ ಖೋಲ್ಯಾಗ ಇರ್ರಿ. ನನ್ನ ಮುಂದ ಎಂಥಾ ಮಾನ ನಿಂದು?" ಎಂದು ರೇಣುಕಾ ತಾನೇ ಕಾರು ತಂದು ನಮ್ಮ ಗಂಟುಮೂಟೆ ಹೇರಿದಳು. ದಾರಿಯುದ್ದಕ್ಕೂ ಐಶು ಹಾಡಿಕೊಂಡೇ ಬಂದಳು.

ಮೊನ್ನೆ ರವಿವಾರ ರಂಗಂಪೇಟೆಯಿಂದ ಅವ್ವ ವಿಡಿಯೋ ಕಾಲ್ ಮಾಡಿದಳು. ಕೆಳಗೆ ರೇಣುಕಾ ರೊಟ್ಟಿ ಬಡಿಯುತ್ತಿದ್ದಳು. ಐಶು ಬರಿಗಾಲಲ್ಲಿ ಓಡಿಬಂದು ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

"ಎಲ್ಲದೀಯವ್ವ ನನ್ನ ಬಂಗಾರಾ?"

"ನಮ್ಮ ಮನ್ಯಾಗ ಇದ್ದೀನಿ ಅಜ್ಜಿ."

ಅವ್ವ ನಕ್ಕಳು. "ಹಂಗಾರ ಇದು ಯಾರ ಮನಿ, ರಂಗಂಪ್ಯಾಟಿದು?"

"ಅದು ಅಜ್ಜಿ ಮನಿ."

"ಮತ್ತ ನಿಮ್ಮವ್ವನ ಮನಿ ಯಾವುದು?"

ಐಶು ತಿರುಗಿ ಒಂದು ಸಲ ನನ್ನ ಮುಖ ನೋಡಿದಳು.

"ಅವ್ವಂದಾ? ಅವ್ವ ಇನ್ನಾ ಹುಡುಕಾಕತ್ತಾಳ."