ರೇವಮ್ಮ ಬೆಂಕಿಯನ್ನು ನೋಡಲಿಲ್ಲ

ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದೆ. "ಮೆದೆಗೆ ಬೆಂಕಿ" ಎಂಬ ಕೂಗು ಕೇಳಿದ್ದೇ ತಡ, ಮಗುವನ್ನು ಕಂಕುಳಿಗೇರಿಸಿ ಬಿಂದಿಗೆ ಹಿಡಿದು ಓಡಿದೆ. ಹಿತ್ತಲಿನ ಹುಲ್ಲಿನ ಮೆದೆ ನೆತ್ತಿಯಿಂದ ಉರಿಯುತ್ತಿತ್ತು. ಸಿಕ್ಕಿದ್ದರಲ್ಲಿ ಎಲ್ಲರೂ ನೀರು ಎರಚುತ್ತಿದ್ದರು. ಭಯವಾದರೂ, ಸುಳ್ಳೇಕೆ, ಉರಿಯಿಂದ ಕಣ್ಣು ಕೀಳಲು ನನಗೆ ಆಗಲಿಲ್ಲ.

ಆಗಲೇ ರೇವಮ್ಮ ಓಡಿ ಬಂದಳು. ನಮ್ಮ ಮಾವ ಚನ್ನಪ್ಪನವರ ಬ್ಯಾರನ್ನಿನಲ್ಲಿ, ಅಂದರೆ ಶಾಖದ ಮನೆಯಲ್ಲಿ, ಹೊಗೆಸೊಪ್ಪು ಒಣಗುವಾಗ ಒಲೆಗೆ ಸೌದೆ ಒಡ್ಡುವವಳು ಅವಳೇ. ಇಪ್ಪತ್ತು ವರ್ಷದಲ್ಲಿ ಒಂದು ಎಲೆಯೂ ಕಪ್ಪಾಗಲು ಬಿಟ್ಟಿಲ್ಲ. ಆದರೆ ಹೊಸ ಸೊಸೆಯಾಗಿ ಮಲ್ಲಿಪಟ್ಟಣಕ್ಕೆ ಬಂದಾಗ ಮೂರು ಮೆದೆ ಸುಟ್ಟಿದ್ದಳು. ಊರು ಅದನ್ನು ಮರೆತಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ.

"ಗಂಡನ ಮನೇಲಿ ನನ್ನ ಯಾರೂ ಎಸ್ರು ಇಡ್ದು ಕರೀತಿರ್ಲಿಲ್ಲ ಕಣವ್ವ. ಮೆದೆ ಅತ್ಕಂಡಾಗ ಎಲ್ರೂ ಓಡ್ಬಂದ್ರು. ಆ ಗಳಿಗೆ ಊರೆಲ್ಲ ನಂದೇ ಅನ್ನುಸ್ತು. ಆಮೇಕೆ ಭಯ. ಆದ್ರೂ ಇನ್ನೊಂದ್ಸಲ ಬೇಕು ಅನ್ಸೋದು."

ನನ್ನ ಗಂಡ ದಿಲೀಪ್ ಬಕೆಟ್ಟು ಕುಕ್ಕಿದರು. "ಇವ್ಳದ್ದೇ ಕೆಲ್ಸ ಕಣಪ್ಪ. ಅಳೇ ಚಾಳಿ."

ಮಾವ ಹುಬ್ಬು ಗಂಟಿಕ್ಕಿದರು. "ನಾಳೆಯಿಂದ ಬ್ಯಾರನ್ ಕಡೆ ತಲೆ ಆಕ್ಬೇಡ, ರೇವಿ."

"ಬೀಡಿ ಅಚ್ಚಕ್ಕೆ ನನ್ನ ಒಲೆ ತಾವ ಬರೋವಾಗ ಈ ಚಾಳಿ ಕಾಣ್ನಿಲ್ವಾ ದಿಲೀಪಣ್ಣ?" ಅಂದಳೇ ಹೊರತು ವಾದಕ್ಕೆ ನಿಲ್ಲಲಿಲ್ಲ. ಉರಿಗೆ ಬೆನ್ನು ಮಾಡಿ ಜನರನ್ನು ನೋಡತೊಡಗಿದಳು.

ನಾನೂ ನೋಡಿದೆ. ಎಲ್ಲರ ಕಣ್ಣು ಬೆಂಕಿಯ ಮೇಲೆ. ಪಿಯುಸಿ ಓದುವ ನನ್ನ ನಾದಿನಿ ಧನ್ಯಾ ಮಾತ್ರ ಹಲಸಿನ ಮರಕ್ಕೊರಗಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಮಗು ಹುಟ್ಟಿದ ಮೇಲೆ ಅವಳನ್ನು ಊಟ ಆಯ್ತಾ ಎಂದು ಯಾರು ಕೇಳಿದ್ದೆವು? ನಾನಂತೂ ಕೇಳಿರಲಿಲ್ಲ.

ರೇವಮ್ಮ ಅವಳ ಹತ್ತಿರ ಹೋದಳು. "ಧನ್ಯವ್ವ, ಬೆರಳು ಸುಟ್ಕಂಡ್ಯಾ? ತೋರ್ಸು."

ಬೈಯಲಿಲ್ಲ, ಯಾರಿಗೂ ಹೇಳಲಿಲ್ಲ. ಬೆರಳಿಗೆ ತಣ್ಣೀರು ಹುಯ್ದು, ಕೆಲಸ ಹೋಯಿತೆಂದು ತನ್ನ ಬುತ್ತಿ ಡಬ್ಬಿ ತರಲು ಬ್ಯಾರನ್ ಕಡೆ ಹೊರಟಳು.

"ಅಪ್ಪಾ, ರೇವಮ್ಮ ಅಲ್ಲ," ಅಂದಳು ಧನ್ಯಾ. "ನಾನು."

ಅಷ್ಟರಲ್ಲಿ ಉರಿ ಇಳಿದಿತ್ತು. ಮಾವನ ಕೈಯ ಪೈಪು ಬರೀ ನೆಲಕ್ಕೆ ನೀರು ಸುರಿಸುತ್ತಿತ್ತು. ಮಗುವನ್ನು ದಿಲೀಪ್ ಕೈಗೆ ಕೊಟ್ಟು ನಾನು ಧನ್ಯಾಳನ್ನು ಅಪ್ಪಿಕೊಂಡೆ.

ಮಾವ ಪೈಪು ಕೆಳಗಿಟ್ಟು ಬ್ಯಾರನ್ ಕಡೆ ಕೂಗಿದರು. "ರೇವಮ್ಮ, ಡಬ್ಬಿ ಅಲ್ಲೇ ಇಡು. ಒಲೆ ಆರೋಯ್ತದೆ."

"ಒಬ್ಳಿಗಾಗಕಿಲ್ಲ ಗೌಡ್ರೇ. ಧನ್ಯವ್ವನ್ನೂ ಕಳ್ಸಿ. ಶಾಖದ ಮೀಟ್ರು ನೋಡಕ್ಕೆ ಓದ್ದೋರು ಬೇಕು."

ಮಾವ ಬೇಡ ಅನ್ನಲಿಲ್ಲ. ಧನ್ಯಾಳಿಗೆ ಊಟ ಹಾಕಿ, ನಾನೇ ಜೊತೆಗೆ ಹೋಗಿ ಬಿಟ್ಟು ಬಂದೆ.