ಮೂಲೆಯಲ್ಲೊಂದು ಹೆಬ್ಬೆರಳು

ಇವತ್ತು ಬೆಳಿಗ್ಗೆ ಹಿಂದೂಪುರದ ಕೆರೆ ಏರಿ ಮೇಲೆ ತಂಗಡಿ ಹೂವಿನ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರು ಮನೆ ಅಕ್ಕ ನೆನಪಾದರು.

ನೇಕಾರರ ಮನೆಯವರು. ಗಂಡ ಹೋದಮೇಲೆ ಮಗ್ಗ ಮೈದುನನ ಪಾಲಾಯಿತು, ನೂಲು ಸುತ್ತುವ ಕೆಲಸ ಇವರಿಗೆ ಉಳಿಯಿತು. ಬೆಳಿಗ್ಗೆ ನನ್ನ ಜೊತೆ ವಾಕಿಂಗ್ ಬರುತ್ತಿದ್ದರು ಅನ್ನುವುದು ಬರೀ ಮಾತಿಗೆ. ಗಿಡ ಕಂಡಲ್ಲೆಲ್ಲ ನಿಂತು ಫೋನು ತೆಗೆದರೆ ಅದೆಂಥ ನಡಿಗೆ! ತುಂಬೆ, ಎಕ್ಕ, ತಂಗಡಿ... ಮೇಲೆ ಚಿಟ್ಟೆಯೊಂದು ಕೂತರಂತೂ ಉಸಿರೇ ಬಿಡುತ್ತಿರಲಿಲ್ಲ. ಪ್ರತಿ ಫೋಟೋದ ಮೂಲೆಯಲ್ಲೂ ಅವರ ಹೆಬ್ಬೆರಳು ಇರಲೇಬೇಕು. "ಅಕ್ಕ, ಚಿಟ್ಟೆಗಿಂತ ನಿಮ್ಮ ಬೆರಳೇ ಚೆನ್ನಾಗಿ ಬಿದ್ದೈತೆ" ಅಂತ ರೇಗಿಸುತ್ತಿದ್ದೆ. ಹೊತ್ತು ಹೋಗದ ಹುಚ್ಚು ಅಂದುಕೊಂಡಿದ್ದೆ.

ಒಮ್ಮೆ ಕಲ್ಯಾಣದುರ್ಗದಲ್ಲಿ ಅವರ ತಂಗಿ ಮಗಳ ಮದುವೆ. ನನ್ನನ್ನೂ ಕರೆದುಕೊಂಡು ಹೋದರು. ಹೆಂಗಸರಿಗೆ ಅರಿಶಿನ ಕುಂಕುಮ, ಹೂವು ಕೊಡುತ್ತಾ ಬಂದ ತಟ್ಟೆ ನನ್ನ ಮುಂದೆ ನಿಂತಿತು, ಅಕ್ಕನನ್ನು ದಾಟಿ ಮುಂದಕ್ಕೆ ಹೋಯಿತು. ಯಾರೂ ಬೇಕಂತ ಮಾಡಿದ್ದಲ್ಲ. ಗಂಡ ಇಲ್ಲದವರಿಗೆ ಹೂವು ಕೊಡುವ ರೂಢಿ ಇಲ್ಲ, ಅಷ್ಟೆ. ನನಗಂತೂ ಮೈ ಉರಿದುಹೋಯಿತು. ಅಕ್ಕ ಮಾತ್ರ ಫೋನು ತೆಗೆದು ತಟ್ಟೆಯ ಕನಕಾಂಬರದ್ದೊಂದು ಫೋಟೋ ಹಿಡಿದುಕೊಂಡರು.

ವಾಪಸ್ ಬಸ್ಸಿನಲ್ಲಿ ಅದನ್ನೇ ನೋಡುತ್ತಾ ಕೂತಿದ್ದರು. "ಅಷ್ಟು ಆಸೆ ಇದ್ರೆ ಮುಡ್ಕೊಳ್ಳಿ ಅಕ್ಕ, ಯಾರು ಬ್ಯಾಡ ಅಂತಾರೆ?" ಅಂದೆ.

"ಬ್ಯಾಡ ಅಂತ ಯಾರೂ ಅನ್ನಾಕಿಲ್ಲ ಕಣಮ್ಮ. ಮುಡ್ಕೋ ಅಂತಾನೂ ಯಾರೂ ಅನ್ನಲಿಲ್ವಲ್ಲ..."

ಮಾರನೇ ಬೆಳಿಗ್ಗೆ ಏರಿ ಮೇಲೆ ತಂಗಡಿಯ ಒಂದು ಗೊಂಚಲು ಕಿತ್ತು ಅವರ ತುರುಬಿಗೆ ಸಿಕ್ಕಿಸಿದೆ. "ಮುಡ್ಕೊಳ್ಳಿ ಅಕ್ಕ" ಅಂದೆ. ಚಿಟ್ಟೆ ಕಂಡಾಗ ನಿಲ್ಲುತ್ತಿದ್ದರಲ್ಲ, ಹಾಗೇ ಅಲುಗಾಡದೆ ನಿಂತುಬಿಟ್ಟರು. ಆಮೇಲೆ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, "ನಂದೊಂದು ಹಿಡಿ" ಅಂದರು.

ನಮ್ಮ ಬೀದಿ ತಿರುವು ಬಂದಾಗ ಅವರ ಕೈ ತಾನಾಗಿ ತುರುಬಿಗೆ ಹೋಯಿತು. ಅವರ ಅತ್ತೆ ಜಗಲಿ ಮೇಲೆ ಕೂತಿದ್ದರು. "ಪೋನೀಲೆ, ಇರ್ಲಿ ಬಿಡು" ಎಂದು ಅರ್ಧ ತೆಲುಗಿನಲ್ಲಿ ಅಂದು ಅಕ್ಕ ಕೈ ಇಳಿಸಿ ನಡೆದೇಬಿಟ್ಟರು. ಅತ್ತೆ ಆ ಹೂವನ್ನೇ ನೋಡಿದರು, ಬಹಳ ಹೊತ್ತು ನೋಡಿದರು. "ಕಾಪಿ ಆರೋಯ್ತದೆ, ಬಾ ಒಳೀಕೆ" ಅಂದರು. ಆಮೇಲೆ ಅಕ್ಕ ದಿನಾ ಮುಡಿದರು.

ಅವರು ತೀರಿಕೊಂಡು ವರ್ಷಗಳಾದವು. ಈಗ ನಾನೊಬ್ಬಳೇ ನಡೆಯುತ್ತೇನೆ, ಎಲ್ಲೂ ನಿಲ್ಲುವುದಿಲ್ಲ, ನಡಿಗೆ ಬೇಗ ಮುಗಿದುಹೋಗುತ್ತದೆ. ಅದೇ ಬೇಜಾರು. ಆ ದಿನದ ಫೋಟೋವನ್ನು ಅವರು ನನಗೂ ಕಳಿಸಿದ್ದರು. ಇವತ್ತು ಏರಿ ಮೇಲೆ ಕೂತು ತೆಗೆದು ನೋಡಿದೆ. ತುರುಬಿನಲ್ಲಿ ಹಳದಿ ಹೂವು, ಓರೆಯಾಗಿ ತಿರುಗಿ ನಗುವ ಮುಖ. ಮೂಲೆಯಲ್ಲೊಂದು ಹೆಬ್ಬೆರಳು... ನನ್ನದು.