ರೆಕಾರ್ಡ್ ರೂಮಿನ ಇಲಿಗಳು

ಇಲಿ ಹಿಡಿಯುವುದಕ್ಕೆಂದು ನನ್ನನ್ನು ಯಾರೂ ನೇಮಿಸಿರಲಿಲ್ಲ. ನನ್ನ ಕೆಲಸ ಹಳೆಯ ಕಡತಗಳನ್ನು ಕಾಯುವುದು. ಎರಡೂ ಒಂದೇ ಕೆಲಸವೆಂದು ತಿಳಿಯಲು ಸೊರಬದ ಆ ಕಚೇರಿಯಲ್ಲಿ ನನಗೆ ಬಹಳ ದಿನ ಹಿಡಿಯಲಿಲ್ಲ. ಯಾವ ಕಚೇರಿ ಎಂದು ಹೇಳುವುದಿಲ್ಲ. ಕಾಗದ ಇದ್ದಲ್ಲೆಲ್ಲ ಇಲಿ ಇರುತ್ತದೆ, ಒಂದೇ ಕಚೇರಿಯ ಮರ್ಯಾದೆ ಯಾಕೆ ತೆಗೆಯಬೇಕು?

ನನ್ನ ಮನೆ ಶಿಕಾರಿಪುರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸು ಬರುವುದು. ಮಕ್ಕಳಿಲ್ಲ. ಹೆಂಡತಿ ಇರುವಷ್ಟು ದಿನ ಇದೊಂದು ಓಡಾಟ ಎಂದೇ ಅನ್ನಿಸಿರಲಿಲ್ಲ. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವವರಿಲ್ಲ, ಬಸ್ಸಿನಲ್ಲಿ ಮಾತಾಡಿಸುವವರಿಗೆ ನಾನು ಉತ್ತರ ಕೊಡುತ್ತಿರಲಿಲ್ಲ. ಮೊದಲೇ ನಾನು ಸಿಡುಕ. ದಿನಕ್ಕೊಮ್ಮೆ ಮನುಷ್ಯರ ನಡುವೆ ಮನುಷ್ಯನ ಹಾಗೆ ಇರುತ್ತಿದ್ದುದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾತ್ರ.

ರೆಕಾರ್ಡ್ ರೂಮಿನ ಪಕ್ಕದ ಹಾಲಿನಲ್ಲಿ ಎರಡು ಮೇಜು ಜೋಡಿಸಿ ಆರು ಜನ ಕೂರುತ್ತಿದ್ದೆವು. ಎಲ್ಲರಿಗಿಂತ ಹಿರಿಯರು ಒಬ್ಬ ಮೇಡಂ. ಸಿಬ್ಬಂದಿಯ ರಜೆ, ಸಂಬಳ, ವರ್ಗಾವಣೆಯ ಕಾಗದಗಳೆಲ್ಲ ಅವರ ಕೈಯಲ್ಲಿ. ಕೊನೆಗೆ ಬಂದು ಕೂರುವವನು ಅಟೆಂಡರ್, ಹೆಚ್ಚು ಕಡಿಮೆ ನನ್ನ ವಯಸ್ಸಿನವನು. ಡಬ್ಬಿಗಳು ಒಂದು ಸುತ್ತು ಹೋಗಿ ಬಂದ ಮೇಲೆಯೇ ಊಟ ಶುರು. ಅವರೆಲ್ಲರದು ಅಕ್ಕಿ ರೊಟ್ಟಿ, ಕೆಸುವಿನ ಸೊಪ್ಪು, ಮಿಡಿ ಉಪ್ಪಿನಕಾಯಿ. ನನ್ನ ಹೆಂಡತಿ ಕಟ್ಟಿ ಕಳಿಸುತ್ತಿದ್ದುದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. "ನಿಮ್ಮ ಬಯಲುಸೀಮೆ ರೊಟ್ಟಿ ಮುರಿಯಾಕೆ ಸುತ್ತಿಗೆ ತರ್ಬೇಕಾ ಮಾರಾಯ್ರೆ?" ಎಂದು ಮೇಡಂ ಕಾಡುವರು, ಕಾಡಿ ಒಂದೂವರೆ ರೊಟ್ಟಿ ತಿನ್ನುವರು. ಅವಳು ಹೋದ ಮೇಲೆ ನಾನು ತರುತ್ತಿದ್ದುದು ಬರೀ ಅನ್ನ, ಸಾರು. ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಕೇಳದೆಯೇ ನನ್ನ ಡಬ್ಬಿಯ ಮುಚ್ಚಳಕ್ಕೆ ಅವರವರ ಪಲ್ಯ ಬಂದು ಬೀಳುತ್ತಿತ್ತು.

ಆ ಮೇಜನ್ನು ನಾನೇ ಮುರಿದೆ. ಹೇಗೆಂದು ಹೇಳುತ್ತೇನೆ.

ದೀಪಾವಳಿಗೆ ಮುಂಚೆ ಒಂದು ದಿನ ಕುಬಟೂರಿನ ಕಡೆಯ ಮುದುಕರೊಬ್ಬರು ಹಳೆಯ ಕಾಗದದ ನಕಲು ಬೇಕೆಂದು ಬಂದರು. ದಾಯಾದಿಗಳ ಜೊತೆ ಜಮೀನಿನ ಗಡಿಯ ತಕರಾರು, ನಾಲ್ಕೂ ದಿಕ್ಕಿನ ಗಡಿ ಬರೆದ ಅಜ್ಜನ ಕಾಲದ ಚೆಕ್ಕುಬಂದಿ ಸಿಕ್ಕಿದರೆ ಬಗೆಹರಿಯುತ್ತದೆ. ಕಪಾಟಿನ ಮೇಲಿಂದ ಕೆಂಪು ಬಟ್ಟೆಯ ಕಟ್ಟು ಇಳಿಸಿ ಅವರ ಮುಂದೆಯೇ ಬಿಚ್ಚಿದೆ. ಮೇಲಿನ ಹಾಳೆ ನೆಟ್ಟಗಿತ್ತು. ಅದನ್ನೆತ್ತಿದರೆ ಒಳಗೆ ಬಟ್ಟಲಿನಷ್ಟು ಗುಂಡಿ. ಕಾಗದದ ಚೂರುಗಳ ಹಾಸಿಗೆಯ ಮೇಲೆ ಕಣ್ಣು ಬಿಡದ ನಾಲ್ಕು ಇಲಿಮರಿಗಳು. ಮುದುಕರು ಬೈಯಲಿಲ್ಲ. ಬೆಂಚಿನ ಮೇಲೆ ಕೂತರು. "ನಮ್ಮಜ್ಜನ ಹೆಸ್ರು ಇದ್ರಾಗೆ ಇತ್ತಲ್ರೀ," ಎಂದರು. ಆಮೇಲೆ, "ಹಂಗಾದ್ರೆ ನೀವು ಎಂತ ಕಾಯಾದು ಇಲ್ಲಿ?" ಎಂದು ಕೇಳಿದರು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಮರುದಿನದಿಂದ ನನಗೆ ಇಲಿಯ ಹುಚ್ಚು ಹಿಡಿಯಿತು. ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿದೆ. ನೆಲದ ಮೇಲಿದ್ದ ಕಟ್ಟುಗಳನ್ನೆಲ್ಲ ಮೇಲಕ್ಕೇರಿಸಿದೆ. ವೈರು ಒಳಗೆ ಬರುವ ತೂತುಗಳಿಗೆ ಪಾತ್ರೆ ತಿಕ್ಕುವ ಸ್ಟೀಲಿನ ನಾರು ತುರುಕಿ ಮೇಲೆ ಸಿಮೆಂಟು ಬಳಿದೆ. ಬಾಗಿಲ ಕೆಳಗೆ ತಗಡಿನ ಪಟ್ಟಿ ಹೊಡೆಸಿದೆ. ಪಾಷಾಣ ಇಟ್ಟರೆ ಇಲಿ ಕಪಾಟಿನ ಹಿಂದೆ ಹೋಗಿ ಸಾಯುತ್ತದೆ, ಆಮೇಲೆ ವಾರಗಟ್ಟಲೆ ವಾಸನೆ. ಹಾಗಾಗಿ ಬೋನು, ಅಂಟಿನ ಹಲಗೆ ತಂದೆ. ಸಾಹೇಬರು, "ನೀವೇ ನೋಡ್ಕಳ್ರೀ, ನಿಮಗೆ ಪೂರ್ತಿ ಅಧಿಕಾರ," ಎಂದುಬಿಟ್ಟರು. ಸಿಡುಕನ ಕೈಗೆ ಅಧಿಕಾರ ಕೊಡಬಾರದು. ಕಚೇರಿಯ ಒಳಗೆ ಯಾರೂ ಏನನ್ನೂ ತಿನ್ನಕೂಡದು, ಊಟದ ಡಬ್ಬಿ ಬಿಚ್ಚಕೂಡದು ಎಂದು ಬರೆದು ಹಾಲಿನ ಗೋಡೆಗೆ ಅಂಟಿಸಿದೆ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟ ಹಾಗೆ ಎಂದು ಅಟೆಂಡರ್ ಗೊಣಗಿದ್ದು ನನಗೆ ಕೇಳಿಸಿತ್ತು.

ಜೋಡಿಸಿದ್ದ ಮೇಜುಗಳು ಬೇರೆ ಬೇರೆಯಾದವು. ಅವರೆಲ್ಲ ಹಿತ್ತಲಿನ ಕಾಂಪೌಂಡಿನಾಚೆ ಮರದ ಕೆಳಗಿನ ಕಟ್ಟೆಗೆ ಹೋದರು. ಮೊದಲ ದಿನ ನಾನೂ ಡಬ್ಬಿ ಹಿಡಿದು ಹೋದೆ. ನನ್ನನ್ನು ಕಂಡದ್ದೇ ಆಡುತ್ತಿದ್ದ ಮಾತು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಜಾಗ ಮಾಡಿಕೊಟ್ಟರು. ನನ್ನ ವಿಷಯವನ್ನೇ ಆಡುತ್ತಿದ್ದರು ಎಂದು ಗೊತ್ತಾಗದಷ್ಟು ದಡ್ಡನಲ್ಲ ನಾನು. ಮರುದಿನದಿಂದ ಬಸ್‌ ಸ್ಟ್ಯಾಂಡಿನ ಬೆಂಚಿಗೆ ಹೋದೆ. ಅಡಿಕೆ ಮಾರಿ ಊರಿಗೆ ಹೊರಟವರ ನಡುವೆ, ಬಸ್ಸಿನ ಹೊಗೆ ಕುಡಿಯುತ್ತ, ತಣ್ಣಗಿನ ಅನ್ನ ನುಂಗಿ ಬರುವುದು ರೂಢಿಯಾಯಿತು. ರೂಢಿಯಾಯಿತು ಎಂದು ಸುಳ್ಳು ಯಾಕೆ ಹೇಳಲಿ, ಒಂದು ದಿನವೂ ಆಗಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಹೆಂಡತಿಯ ಹನ್ನೊಂದನೆಯ ದಿನ ಶಿಕಾರಿಪುರದ ಕೆರೆ ದಂಡೆಯಲ್ಲಿ ಪಿಂಡ ಇಟ್ಟು ಕಾದೆವು. ಕಾಗೆಗಳು ಮರದ ಮೇಲೆ ಇದ್ದವು, ಕೆಳಗಿಳಿಯಲಿಲ್ಲ. ಬಿಸಿಲು ನೆತ್ತಿಗೆ ಬಂತು. "ಆಕೀಗೆ ಏನೋ ಆಸೆ ಉಳದೈತಿ ನೋಡ್ರಿ," ಎಂದರು ನೆಂಟರು. ಕೊನೆಗೆ ಪಿಂಡವನ್ನು ನೀರಿಗೆ ಬಿಟ್ಟು ಬಂದೆವು. ಯಾವ ಆಸೆ ಎಂದು ನನಗೆ ಗೊತ್ತಿತ್ತು. "ದಿನಾ ಸೊರಬಕ್ಕ ಹೋಗ್ತೀರಿ, ಒಂದಿನ ನನ್ನೂ ಗುಡವಿಗೆ ಕರ್ಕೊಂಡು ಹೋಗ್ರಿ, ಹಕ್ಕಿ ನೋಡ್ಕೊಂಡು ಬರೋಣು," ಎಂದು ಪ್ರತಿ ಮಳೆಗಾಲ ಕೇಳುವಳು. ಮುಂದಿನ ವರ್ಷ ನೋಡೋಣ ಎನ್ನುವವನು ನಾನು.

ಅಂದಿನಿಂದ ನಾನು ಊಟಕ್ಕೆ ಮುಂಚೆ ಒಂದು ತುತ್ತು ಅನ್ನಕ್ಕೆ ತುಪ್ಪ ಬೆರೆಸಿ ರೆಕಾರ್ಡ್ ರೂಮಿನ ಕಿಟಕಿಯ ಅಂಚಿನಲ್ಲಿ ಇಡುತ್ತಿದ್ದೆ. ಹೊರಗೆ ಹಲಸಿನ ಮರ, ಮರದ ತುಂಬ ಕಾಗೆ. ಕಿಟಕಿಗೆ ಸರಳು ಇದ್ದವು, ಒಂದು ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಸಂಜೆ ಹೊರಡುವಾಗ ಅನ್ನ ಇಟ್ಟಲ್ಲೇ ಇರುತ್ತಿತ್ತು. ಬೆಳಿಗ್ಗೆ ಬಂದು ನೋಡಿದರೆ ಒಂದಗುಳೂ ಇಲ್ಲ. ನಸುಕಿನಲ್ಲಿ ಕಾಗೆ ಬಂದಿದೆ, ಅವಳು ಬಂದು ಹೋಗಿದ್ದಾಳೆ ಎಂದುಕೊಳ್ಳುತ್ತಿದ್ದೆ. ಇಡೀ ದಿನಕ್ಕೆ ನನಗೆ ಅಷ್ಟು ಸಾಕಾಗುತ್ತಿತ್ತು. ಊಟದ ಡಬ್ಬಿ ಬಿಚ್ಚಬಾರದು ಎಂದು ಬರೆದು ಅಂಟಿಸಿದ ದಿನವೂ ಆ ತುತ್ತು ಇಟ್ಟೇ ಬಸ್‌ ಸ್ಟ್ಯಾಂಡಿಗೆ ಹೋದೆ. ಅದು ತಿಂಡಿಯೆಂದಾಗಲಿ ಊಟವೆಂದಾಗಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಅದು ಅವಳ ಪಾಲು.

ಇಲಿ ಮಾತ್ರ ಕಡಿಮೆಯಾಗಲಿಲ್ಲ. ಬೋನಿಗೆ ಒಂದು ಬಿದ್ದರೆ ವಾರದಲ್ಲಿ ಇನ್ನೆರಡರ ಹಿಕ್ಕೆ. ಯಾರೋ ಕದ್ದು ತಿನ್ನುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮೇಜಿನ ಡ್ರಾಯರುಗಳನ್ನು ತಪಾಸಣೆ ಮಾಡಿದೆ. ಮೇಡಂ ಡ್ರಾಯರಿನಲ್ಲಿ ಎರಡು ಚಕ್ಕುಲಿ ಸಿಕ್ಕಿದವು. ಎಲ್ಲರೆದುರು, "ನಿಮ್ಮಂಥೋರೇ ಹಿಂಗ್ ಮಾಡಿದ್ರೆ ಹೆಂಗ್ರೀ?" ಎಂದು ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಚಕ್ಕುಲಿಯನ್ನು ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವುದು ಎನ್ನುತ್ತಾರಲ್ಲ, ಅದನ್ನು ನನ್ನನ್ನು ನೋಡಿಯೇ ಹೇಳಿರಬೇಕು.

ಆಮೇಲೆ ಕೆಲಸದ ಮಾತು ಬಿಟ್ಟರೆ ಯಾರೊಂದಿಗೂ ನನಗೆ ಮಾತಿಲ್ಲದಂತಾಯಿತು. ಬೇಸಿಗೆಯಲ್ಲಿ ವರ್ಗಾವಣೆಯ ಕಾಲ ಬಂತು. ಶಿಕಾರಿಪುರಕ್ಕೆ ಹಾಕಿಕೊಡಿ ಎಂದು ಅರ್ಜಿ ಬರೆದೆ. ಕಾರಣ ಎಂಬಲ್ಲಿ, 'ಸೊರಬದಲ್ಲಿ ನನ್ನವರೆಂದು ಯಾರೂ ಇಲ್ಲ' ಎಂದು ಬರೆದೆ. ಕಾಗದ ಹೋಗಬೇಕಾದದ್ದು ಮೇಡಂ ಕೈಯಿಂದಲೇ. ಅವರು ಅದನ್ನು ಎರಡು ಸಲ ಓದಿದರು. "ಇದನ್ನ ಕಳಿಸ್ಲೇನ್ರೀ?" ಎಂದು ಕೇಳಿದರು. "ಕಳಿಸೋಕೇ ಕೊಟ್ಟಿದ್ದು," ಎಂದೆ. ಹದಿನೈದು ದಿನವಾದರೂ ಸುದ್ದಿಯಿಲ್ಲದಿದ್ದಾಗ ಅವರ ಮೇಜಿನ ಮುಂದೆ ನಿಂತು ಜೋರು ಮಾಡಿದೆ.

ಆರ್ಡರು ಬಂದದ್ದು ಮಳೆ ಹಿಡಿಯುವ ಹೊತ್ತಿಗೆ. ಅದೇ ವಾರ, ಹಳೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡುವ ಕೆಲಸ ಶುರುವಾಗುವ ಮುಂಚೆ ಇಲಿಯ ಕಾಟ ಮುಗಿಸಬೇಕೆಂದು ಶಿವಮೊಗ್ಗದಿಂದ ಆ ಕಸುಬಿನವರೊಬ್ಬರನ್ನು ಕರೆಸಿದರು. ಔಷಧಿಯ ಡಬ್ಬ ಹೊತ್ತು ಬರುತ್ತಾರೆ ಎಂದುಕೊಂಡಿದ್ದೆ. ಬಂದವರ ಕೈಯಲ್ಲಿ ಒಂದು ಟಾರ್ಚು, ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ. "ಔಷಧಿ ಆಮೇಲೆ ಸಾರ್. ಮೊದ್ಲು ಅದಕ್ಕೆ ಊಟ ಎಲ್ಲಿ ಸಿಗ್ತಿದೆ ಅಂತ ನೋಡ್ಬೇಕು. ಊಟ ನಿಲ್ಸದೆ ಎಷ್ಟು ಹಿಡಿದ್ರೂ ಹೊಸದು ಬರ್ತಾನೇ ಇರುತ್ತೆ," ಎಂದರು. ನಾನು ಮಾಡಿದ ಕೆಲಸವನ್ನೆಲ್ಲ ನೋಡಿ ಮೆಚ್ಚಿದರು. ಇಲಿ ಗೋಡೆಗೆ ಒತ್ತಿಕೊಂಡೇ ಓಡುತ್ತದಂತೆ, ಅದರ ಮೈಯ ಜಿಡ್ಡಿನ ಕಪ್ಪು ಗೆರೆಯನ್ನು ತೋರಿಸಿದರು. ಸಂಜೆ ಎಲ್ಲರೂ ಹೊರಟ ಮೇಲೆ ಗೋಡೆಯುದ್ದಕ್ಕೂ, ಕಪಾಟಿನ ಮೇಲೆ, ಕಿಟಕಿಗಳ ಅಂಚಿಗೆ ತೆಳ್ಳಗೆ ಪೌಡರು ಉದುರಿಸಿ ಬೀಗ ಹಾಕಿಸಿದರು. ಆವತ್ತು ಮಧ್ಯಾಹ್ನವೂ ನಾನು ತುತ್ತು ಇಟ್ಟಿದ್ದೆ.

ಬೆಳಿಗ್ಗೆ ಬೀಗ ತೆಗೆದವನು ನಾನು. ನನ್ನ ಹಿಂದೆ ಅವರು, ಅವರ ಹಿಂದೆ ಕುತೂಹಲಕ್ಕೆ ಮೇಡಂ, ಅಟೆಂಡರ್, ಉಳಿದವರು. ಪೌಡರಿನ ಮೇಲೆ ಸಣ್ಣ ಸಣ್ಣ ಹೆಜ್ಜೆ, ನಡುವೆ ಬಾಲ ಎಳೆದ ಗೆರೆ. ಎಲ್ಲ ಮೂಲೆಯಿಂದ ಹೊರಟು ಎಲ್ಲವೂ ಒಂದೇ ಕಡೆಗೆ ಹೋಗಿದ್ದವು. ಕಿಟಕಿಯ ಅಂಚಿನಲ್ಲಿ ಹೆಜ್ಜೆಯ ಮೇಲೆ ಹೆಜ್ಜೆ ಬಿದ್ದು ಪೌಡರೇ ಉಳಿದಿರಲಿಲ್ಲ. ಅನ್ನ ಇಟ್ಟಲ್ಲಿ ತುಪ್ಪದ ಕಲೆ ಮಾತ್ರ. ನಾನು ಬಗ್ಗಿ ಹುಡುಕಿದೆ. ಸರಳಿನ ಹೊರಗಿನ ಅಂಚಿನ ಮೇಲೂ ಪೌಡರು ಬಿದ್ದಿತ್ತು. ಅಲ್ಲಿ ಕಾಗೆಯ ಹೆಜ್ಜೆ ಒಂದೂ ಇರಲಿಲ್ಲ.

ಬರಲೇ ಇಲ್ಲ ಅವಳು. ಒಂದು ದಿನವೂ ಬಂದಿರಲಿಲ್ಲ.

"ಯಾರ್ರೀ ಇಲ್ಲಿ ದಿನಾ ಅನ್ನ ಇಡೋರು?" ಎಂದು ಶಿವಮೊಗ್ಗದವರು ತಿರುಗಿ ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ತುಪ್ಪದ ಕಲೆ ಮುಚ್ಚಲು ಹೋಯಿತು. ಅಷ್ಟರಲ್ಲಿ ಅಟೆಂಡರ್ ಮುಂದೆ ಬಂದ.

"ನಾನೇ ಇಡಾದು. ಪಾರಿವಾಳಕ್ಕೆ ಅಂತ. ತಪ್ಪಾತು ಬಿಡಿ," ಎಂದ. ನನ್ನ ಕಡೆ ನೋಡಲಿಲ್ಲ. ಅವನ ಹಿಂದೆ ನಿಂತವರೂ ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಹಾಗೆ ಒಟ್ಟಿಗೆ ಬೇರೆ ಕಡೆ ನೋಡುತ್ತಿದ್ದುದರಿಂದಲೇ, ಇವರಿಗೆಲ್ಲ ಮೊದಲೇ ತಿಳಿದಿತ್ತೆಂದು ನನಗೆ ಗೊತ್ತಾಯಿತು.

"ಅವನಲ್ಲ. ಇಡೋನು ನಾನು," ಎಂದೆ.

ಶಿವಮೊಗ್ಗದವರಿಗೆ ಏನು ಅರ್ಥವಾಯಿತೋ, ಟಾರ್ಚು ಹಿಡಿದು ಹೊರಗೆ ಹೋದರು. ಮೇಡಂ ಒಂದು ಸ್ಟೂಲು ಎಳೆದು ನನ್ನನ್ನು ಕೂರಿಸಿದರು.

"ನಮಗೆ ಮೊದ್ಲಿಂದ ಗೊತ್ತು ಕಣ್ರೀ. ಮೊದ್ಲು ಆ ಕಟ್ಟೆಗೆ ನೀವು ಬಂದ ದಿನಾನೂ ಅದನ್ನೇ ಮಾತಾಡ್ತಿದ್ವಿ, ಇವ್ರಿಗೆ ಹೆಂಗೆ ಹೇಳಾದು ಅಂತ. ಹೆಂಡ್ತಿಗೆ ಅಂತ ಇಡೋ ಅನ್ನನ ಇಲಿ ತಿಂತಾವೆ ಅಂತ ಯಾರ ಬಾಯಲ್ಲಿ ಹೇಳಿಸಾದು? ಒಳಗೆ ಊಟ ಮಾಡಕ್ಕಿಂತ ಕಟ್ಟೆ ಮೇಲೆ ಗಾಳಿ ಚೆನಾಗಿರ್ತದೆ, ಹೋಗ್ಲಿ ಬಿಡಿ ಅಂದ್ಕಂಡ್ವಿ."

"ಚಕ್ಕುಲಿಗೆ ಅಷ್ಟು ಕೂಗಿದ್ನಲ್ರೀ ನಾನು," ಎಂದೆ.

"ನಿಮಗೆ ಅಂತಾನೇ ತಂದಿದ್ದೆ ಅವತ್ತು," ಎಂದರು ಮೇಡಂ. "ನಿಮ್ಮ ಅರ್ಜಿನೂ ಹದಿನೈದು ದಿನ ನನ್ನ ಡ್ರಾಯರಲ್ಲೇ ಇಟ್ಕಂಡಿದ್ದೆ. ಸಿಟ್ಟು ಇಳಿದ್ರೆ ವಾಪಸ್ ಕೇಳ್ತಾರೆ ಅಂತ ಕಾದೆ. ನೀವು ಬಂದು ಕಳಿಸಿ ಅಂತ ಜೋರು ಮಾಡಿದ್ರಿ. ಕಳಿಸ್ದೆ."

ನಾನು ಅತ್ತುಬಿಟ್ಟೆ. ಅಷ್ಟು ವಯಸ್ಸಿನ ಗಂಡಸು ಕಚೇರಿಯ ನಡುವೆ ಕೂತು ಅತ್ತೆ. ಕಾಗೆ ಬರಲಿಲ್ಲವೆಂದು ಅತ್ತೆನೋ, ಇವರು ಇಷ್ಟು ದಿನ ನನ್ನ ಪಕ್ಕದಲ್ಲೇ ಇದ್ದರೆಂದು ಅತ್ತೆನೋ, ನನಗೂ ಬಿಡಿಸಿ ಹೇಳಲಾಗದು. ಅಟೆಂಡರ್ ಒದ್ದೆ ಬಟ್ಟೆ ತಂದು ಕಿಟಕಿಯ ಅಂಚನ್ನು ಒರೆಸಿದ.

ಮಧ್ಯಾಹ್ನ ಮೇಡಂ ಡಬ್ಬಿ ಹಿಡಿದು ರೆಕಾರ್ಡ್ ರೂಮಿನ ಬಾಗಿಲಿಗೆ ಬಂದರು. "ಏಳ್ರೀ, ಕಟ್ಟೆಗೆ ಹೋಗಣ," ಎಂದರು. ಎದ್ದು ಅವರ ಹಿಂದೆ ಹೋದೆ. ಸೋಮವಾರ ಶಿಕಾರಿಪುರದಲ್ಲಿ ಹಾಜರಾಗಬೇಕಿತ್ತು. ಅವರ ಜೊತೆ ಕೂತು ಉಣ್ಣಲು ನನಗೆ ಉಳಿದಿದ್ದುದು ಅಂದಿನದೂ ಸೇರಿ ಎರಡೇ ಮಧ್ಯಾಹ್ನ.